ಚಕಮಕಿ ಕಲ್ಲಿನ 320 ಕಿಲೋಮೀಟರಿಗೆ ಹಳೆಯ ಸ್ಟೀಲ್ ಸೈಕಲ್ ಸಜ್ಜು ಮಾಡುವುದು

ಪ್ರಶ್ನೆ: ಟೆಕ್ಸಸ್‌ನ ಡಲ್ಲಾಸ್‌ನಲ್ಲಿದ್ದೇನೆ. ಹತ್ತು ವರ್ಷದ ಹಳೆಯ ಸ್ಟೀಲ್ ಫ್ರೇಮಿನ ಕಂಟ್ರಿ ಬೈಕ್ (ಡಾಂಬರಿಗೂ ಕಚ್ಚಾ ರಸ್ತೆಗೂ ಒಗ್ಗುವ ಸೈಕಲ್) ನನ್ನದು. 700ಸಿ ಚಕ್ರ, ಮಡ್‌ಗಾರ್ಡಿನೊಳಗೆ 35 ಮಿ.ಮೀ. ಟೈರು, ಕ್ಯಾಂಟಿಲಿವರ್ ಬ್ರೇಕು, ಮುಂದೆ 48/38/28 ಹಲ್ಲಿನ ಮೂರು ಚೈನ್‌ರಿಂಗು, ಹಿಂದೆ 9 ಸ್ಪೀಡಿನ 12–27 ಹಲ್ಲಿನ ಕ್ಯಾಸೆಟ್, ಹ್ಯಾಂಡಲ್ ತುದಿಯಲ್ಲಿ ಗೇರು ಬದಲಿಸುವ ಬಾರ್-ಎಂಡ್ ಶಿಫ್ಟರು, ಚರ್ಮದ ಸೀಟು. ನನ್ನ ತೂಕ 78 ಕೆ.ಜಿ. ಕ್ಯಾನ್ಸಸ್‌ನ ಅನ್‌ಬೌಂಡ್ ಗ್ರಾವೆಲ್ ಎಂಬ ಜಲ್ಲಿ ರಸ್ತೆಯ ಸೈಕಲ್ ಓಟದ 200 ಮೈಲಿ ಓಡಿಸಬೇಕೆಂಬ ಆಸೆ. ಹೊಸ ಕಾರ್ಬನ್ ಸೈಕಲ್ ಕೊಳ್ಳಲೇಬೇಕೆ, ಇದನ್ನೇ ಸಜ್ಜು ಮಾಡಬಹುದೆ?

ಉತ್ತರ: ಕೊಳ್ಳಬೇಡಿ. ನಿಮ್ಮ ಸೈಕಲ್ಲಿನ ಉದ್ದ ವೀಲ್‌ಬೇಸು, ನೆಟ್ಟಗೆ ಕೂರಿಸುವ ಹ್ಯಾಂಡಲ್ಲು, ದೊಡ್ಡ ತ್ರಿಕೋನದ ಫ್ರೇಮು, ಮೂರು ಚೈನ್‌ರಿಂಗು ಎಲ್ಲವೂ ದೀರ್ಘ ಹಾದಿಗೆಂದೇ ಮಾಡಿದವು. ಹಣ ಹೋಗಬೇಕಾದ ಜಾಗ ಎರಡೇ: ಟೈರು ಮತ್ತು ಅದಕ್ಕೆ ಒಗ್ಗುವ ರಿಮ್ಮು. ಒಂದಿಷ್ಟು ಗೇರಿಗೆ. ಮಿಕ್ಕಿದ್ದಕ್ಕೆ ಬೇಕಾಗುವುದು ಅಳತೆ ಪಟ್ಟಿ, ಅಲೆನ್ ಕೀ ಮತ್ತು ತಾಳ್ಮೆ.

ಮೊದಲು ಹಾದಿಯ ಗುಣ ತಿಳಿದಿರಲಿ, ಏಕೆಂದರೆ ಸಜ್ಜಿನ ಪ್ರತಿ ತೀರ್ಮಾನವೂ ಅದರಿಂದಲೇ ಬರುತ್ತದೆ. ಈ ಓಟ 2006ರಲ್ಲಿ 34 ಜನರಿಂದ ಡರ್ಟಿ ಕಾನ್ಜಾ ಎಂಬ ಹೆಸರಲ್ಲಿ ಶುರುವಾಯಿತು, 2020ರಲ್ಲಿ ಹೆಸರು ಬದಲಾಯಿತು. ಎಂಪೋರಿಯಾ ಊರಿನ ಸುತ್ತಲಿನ ಫ್ಲಿಂಟ್ ಹಿಲ್ಸ್ ಅದರ ನೆಲೆ. ಫ್ಲಿಂಟ್ ಎಂದರೆ ನಮ್ಮ ಚಕಮಕಿ ಕಲ್ಲು. ಅಲ್ಲಿ ಸುಣ್ಣಕಲ್ಲಿನ ಪದರಗಳ ನಡುವೆ ಚಕಮಕಿಯ ಗಂಟುಗಳಿವೆ. ಮೇಲ್ಮಣ್ಣು ತೆಳುವಾದ್ದರಿಂದ ನೇಗಿಲು ಹೂಡಲು ಆಗಲಿಲ್ಲ, ಹಾಗಾಗಿ ಎತ್ತರದ ಹುಲ್ಲುಗಾವಲು ಇಂದಿಗೂ ದನ ಮೇಯಿಸುವ ನೆಲವಾಗಿ ಉಳಿದಿದೆ. ರಸ್ತೆಗೆ ಬೀಳುವುದೂ ಅದೇ ಕಲ್ಲು. ಚಕಮಕಿ ಒಡೆದಾಗ ಅಂಚು ಬ್ಲೇಡಿನಂತಾಗುತ್ತದೆ. ಆದಿಮಾನವ ಅದರಿಂದ ಚಾಕು ಮಾಡಿಕೊಂಡದ್ದು ಸುಮ್ಮನೆ ಅಲ್ಲ. ಆ ಅಂಚು ಟೈರಿನ ನಡುವಿನ ದಪ್ಪ ರಬ್ಬರನ್ನು ಚುಚ್ಚುವುದಕ್ಕಿಂತ ಪಕ್ಕದ ತೆಳು ಗೋಡೆಯನ್ನು ಸೀಳುವುದೇ ಹೆಚ್ಚು. ಈ ಓಟದಲ್ಲಿ ಟೈರು ಕೆಡುವುದು ಹೆಚ್ಚಾಗಿ ಹೀಗೆಯೇ.

ಎರಡನೆಯದು ಕೆಸರು. ಮಳೆ ಬಿದ್ದರೆ ಜಲ್ಲಿಯಿಲ್ಲದ ಮಣ್ಣಿನ ಹಾದಿಗಳು ಅಂಟಾಗುತ್ತವೆ. 2015 ಮತ್ತು 2023ರಲ್ಲಿ ಓಟದ ಶುರುವಿನಲ್ಲೇ ಇಂಥ ಕೆಸರು ಸಿಕ್ಕಿ, ಸೈಕಲ್ ಹೊತ್ತು ಮೈಲಿಗಟ್ಟಲೆ ನಡೆದವರು, ಗೇರು ಬದಲಿಸುವ ಡಿರೇಲರ್ ಕಿತ್ತುಹೋಗಿ ಅಲ್ಲೇ ನಿಂತವರು ಬಹಳ. ವಿಜಯಪುರ, ಗದಗ ಕಡೆಯ ಎರೆ ಹೊಲದಲ್ಲಿ ಮಳೆಗಾಲದಲ್ಲಿ ಸೈಕಲ್ ತಳ್ಳಿದವರಿಗೆ ಇದು ಹೊಸದಲ್ಲ: ನಾಲ್ಕು ಸುತ್ತಿಗೆ ಚಕ್ರ ದಪ್ಪಗಾಗಿ, ಐದನೆಯದಕ್ಕೆ ನಿಂತೇ ಹೋಗುತ್ತದೆ. ಇವೆರಡರ ಜೊತೆಗೆ ಬಯಲಿನ ಗಾಳಿ, ಮೇ ಕೊನೆ ಅಥವಾ ಜೂನ್ ಮೊದಲ ವಾರದ ಬಿಸಿಲು, ಸಣ್ಣದಾದರೂ ಕಡಿದಾದ ಏರುಗಳು. ಎಲ್ಲ ಕೂಡಿಸಿದರೆ ಸುಮಾರು 3,000 ಮೀಟರ್ ಹತ್ತಿದಂತಾಗುತ್ತದೆ.

ಈಗ ಟೈರಿಗೆ ಬರೋಣ. ಅಂಗಡಿಗೆ ಹೋಗುವ ಮುಂಚೆ ಮಡ್‌ಗಾರ್ಡ್ ಬಿಚ್ಚಿ ಫ್ರೇಮು ಅಳೆಯಿರಿ. ಹಿಂದೆ ಚೈನ್‌ಸ್ಟೇ (ಪೆಡಲಿನ ಬುಡದಿಂದ ಹಿಂಚಕ್ರದ ಅಚ್ಚಿಗೆ ಹೋಗುವ ಕೊಳವೆಗಳು) ನಡುವೆ ಟೈರು ಕೂರುವಲ್ಲಿ, ಸೀಟ್‌ಸ್ಟೇ (ಸೀಟಿನ ಬುಡದಿಂದ ಅಚ್ಚಿಗೆ ಇಳಿಯುವ ಕೊಳವೆಗಳು) ಸೇತುವೆಯ ಕೆಳಗೆ, ಮುಂದೆ ಫೋರ್ಕಿನ ಕಾಲುಗಳ ನಡುವೆ ಮತ್ತು ಅವು ಮೇಲೆ ಕೂಡುವ ಕ್ರೌನಿನ ಕೆಳಗೆ. ಈ ನಾಲ್ಕರಲ್ಲಿ ಅತಿ ಇಕ್ಕಟ್ಟಾದದ್ದೇ ನಿಮ್ಮ ಮಿತಿ. ಟೈರಿನ ಎರಡೂ ಬದಿಗೆ 6 ಮಿ.ಮೀ., ಮೇಲೆ 8 ಮಿ.ಮೀ. ಜಾಗ ಉಳಿಯಬೇಕು. ಅಂದರೆ 45 ಮಿ.ಮೀ. ಟೈರಿಗೆ ಕನಿಷ್ಠ 57 ಮಿ.ಮೀ. ಅಗಲದ ಸಂದು ಬೇಕು, 42ಕ್ಕೆ 54. ಟೈರಿನ ಮೇಲೆ ಬರೆದ ಅಂಕಿಯನ್ನು ಪೂರ್ತಿ ನಂಬಬೇಡಿ. ಅಗಲ ರಿಮ್ಮಿನಲ್ಲಿ 45ರ ಟೈರು 46–47ಕ್ಕೆ ಹಿಗ್ಗುವುದುಂಟು, ಅದೂ ಹಾಕಿದ ದಿನವಲ್ಲ, ಒಂದು ವಾರ ಗಾಳಿ ತುಂಬಿಟ್ಟ ಮೇಲೆ. ಜಾಗ 52 ಮಾತ್ರ ಇದ್ದರೆ 40ಕ್ಕೇ ತೃಪ್ತರಾಗಿ. ಅಗಲ ಟೈರು ತುರುಕಿ ಸಂದು ಮುಚ್ಚಿದರೆ, ಸಿಕ್ಕ ಮೊದಲ ಕಲ್ಲು ಫ್ರೇಮಿನ ಬಣ್ಣವನ್ನೂ ಟೈರಿನ ಗೋಡೆಯನ್ನೂ ಒಟ್ಟಿಗೆ ಕೆರೆಯುತ್ತದೆ.

ಆರಿಸುವಾಗ ಗೋಡೆಗೆ ರಕ್ಷಣೆ ಇರುವ ಕೇಸಿಂಗನ್ನೇ (ರಬ್ಬರಿನ ಒಳಗಿನ ಬಟ್ಟೆಯ ಒಡಲು) ಆರಿಸಿ. ಕಂಟ್ರಿ ಬೈಕ್ ಪ್ರಿಯರಿಗೆ ಮೃದುವಾದ ತೆಳು ಗೋಡೆಯ ಟೈರೆಂದರೆ ಅಕ್ಕರೆ, ಅದರ ಓಟವೂ ನಿಜಕ್ಕೂ ಸೊಗಸು. ಆದರೆ ಈ ಹಾದಿಗೆ ಅದು ಬೇಡ. ಪ್ರತಿ ಟೈರಿಗೆ 80–100 ಗ್ರಾಂ ಹೆಚ್ಚಾದರೂ ಗಟ್ಟಿ ಗೋಡೆಯದೇ ಇರಲಿ. ನಡುವೆ ಒತ್ತೊತ್ತಾದ ಗುಬ್ಬಿ (ರಬ್ಬರಿನ ಉಬ್ಬು), ಅಂಚಿನಲ್ಲಿ ಸ್ವಲ್ಪ ಎತ್ತರದ್ದು ಸಾಕು. ದೊಡ್ಡ ಗುಬ್ಬಿಯ ನಡುವೆ ಕೆಸರು ಹಿಡಿದುಕೊಳ್ಳುತ್ತದೆ.

ಊರಿಗೆ ಬಂದಾಗ ಅಗ್ಗವೆಂದು ಟೈರು ಕೊಂಡೊಯ್ಯುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ನಮ್ಮ ಕರಿ ಸೈಕಲ್ಲಿನ 28 x 1½ ಟೈರು 635 ಮಿ.ಮೀ. ರಿಮ್ಮಿನದು, ನಿಮ್ಮದು 622. ನೋಡಲು ಒಂದೇ ಅನ್ನಿಸಿದರೂ ಕೂರುವುದಿಲ್ಲ.

ಟ್ಯೂಬೋ, ಟ್ಯೂಬ್‌ಲೆಸ್ಸೋ? ಇಲ್ಲಿ ಟ್ಯೂಬ್‌ಲೆಸ್ಸೇ ಸರಿ. ಒಳಗೆ ಹಾಕುವ ಸೀಲೆಂಟ್ ದ್ರವ ಸಣ್ಣ ತೂತುಗಳನ್ನು ನಿಮಗೆ ತಿಳಿಯುವ ಮುಂಚೆಯೇ ಮುಚ್ಚುತ್ತದೆ, ಗಾಳಿ ಕಡಿಮೆ ಇಟ್ಟರೂ ಟ್ಯೂಬು ಜಜ್ಜಿ ಪಂಚರ್ ಆಗುವ ಭಯವಿಲ್ಲ. ಆದರೆ ಹತ್ತು ವರ್ಷದ ಹಳೆಯ ರಿಮ್ಮು ಟ್ಯೂಬ್‌ಲೆಸ್‌ಗೆಂದು ಮಾಡಿದ್ದಲ್ಲದಿದ್ದರೆ ಟೇಪು ಸುತ್ತಿ ಒಗ್ಗಿಸಲು ಹೋಗಬೇಡಿ. ಅಂಥ ರಿಮ್ಮಿನಲ್ಲಿ ಟೈರಿನ ಅಂಚನ್ನು ಹಿಡಿದಿಡುವ ಮೆಟ್ಟಿಲು ಇರುವುದಿಲ್ಲ. ಇಳಿಜಾರಿನ ತಿರುವಿನಲ್ಲಿ ಗಾಳಿ ಒಮ್ಮೆಲೆ ಹೊರಬಿದ್ದರೆ ಮುಂದಿನ ಚಕ್ರ ಕೈಬಿಡುತ್ತದೆ. ದುಡ್ಡು ಹಾಕುವುದಿದ್ದರೆ ಇಲ್ಲೇ ಹಾಕಿ: 32 ಅಥವಾ 36 ಕಡ್ಡಿಯ, ರಿಮ್ ಬ್ರೇಕಿಗೂ ಟ್ಯೂಬ್‌ಲೆಸ್‌ಗೂ ಒಗ್ಗುವ, ಒಳ ಅಗಲ 21–25 ಮಿ.ಮೀ. ಇರುವ ರಿಮ್ಮಿನ ಹೊಸ ಚಕ್ರ. ಈಗೆಲ್ಲ ಡಿಸ್ಕಿನದೇ ರಾಜ್ಯವಾದ್ದರಿಂದ ಇಂಥವು ಕಡಿಮೆ, ವೆಲಾಸಿಟಿಯ ಕ್ಲಿಫ್‌ಹ್ಯಾಂಗರ್ ಒಂದು ಉದಾಹರಣೆ. ಆರ್ಡರ್ ಮಾಡುವ ಮೊದಲು ಹಿಂದಿನ ಡ್ರಾಪ್‌ಔಟುಗಳ (ಚಕ್ರದ ಅಚ್ಚು ಕೂರುವ ಸೀಳುಗಳ) ನಡುವಿನ ಅಂತರ 130ಓ 135ಓ ಮಿ.ಮೀ. ಎಂದು ಅಳೆದಿರಿ. ಹೊಸ ಚಕ್ರ ಕೈಗೆಟುಕದಿದ್ದರೆ ಹಳೆಯ ರಿಮ್ಮಿನಲ್ಲೇ ಗಟ್ಟಿ ಟೈರು, ಬ್ಯೂಟೈಲ್ ಟ್ಯೂಬು, ಸ್ವಲ್ಪ ಹೆಚ್ಚು ಗಾಳಿ. ಅದರಲ್ಲೂ ಮುಗಿಸಬಹುದು, ಬಿಡಿ ಟ್ಯೂಬು ಮಾತ್ರ ಎರಡರ ಬದಲು ನಾಲ್ಕು ಇರಲಿ.

ಕೂರಿಸುವ ಕ್ರಮ ಹೀಗೆ. ರಿಮ್ಮಿನ ಒಳಗನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ. ರಿಮ್ಮಿನ ಒಳ ಅಗಲಕ್ಕಿಂತ 2–3 ಮಿ.ಮೀ. ಹೆಚ್ಚಿನ ಟೇಪನ್ನು ಬಿಗಿಯಾಗಿ ಎಳೆಯುತ್ತ ಸುತ್ತಿ, ಕೊನೆಗೆ ಒಂದು ಗೇಣು ಮೇಲೆ ಮೇಲೆ ಬರಲಿ. ವಾಲ್ವಿನ ತೂತನ್ನು ಕತ್ತರಿಯಿಂದ ಕೊರೆಯದೆ ಕಾಯಿಸಿದ ಮೊಳೆಯಿಂದ ಮಾಡಿ, ಅಂಚು ಹರಿಯುವುದಿಲ್ಲ. ವಾಲ್ವಿನ ನಟ್ಟು ಬೆರಳಿನ ಬಿಗಿಯಷ್ಟೇ; ಇಕ್ಕಳದಲ್ಲಿ ಬಿಗಿದರೆ, ರಾತ್ರಿ ಹೊಲದ ಅಂಚಿನಲ್ಲಿ ಟ್ಯೂಬು ಹಾಕಬೇಕಾಗಿ ಬಂದಾಗ ಬರಿಗೈಯಲ್ಲಿ ಬಿಚ್ಚಲಾಗದು. ಪ್ರತಿ ಟೈರಿಗೆ 75–90 ಮಿ.ಲೀ. ಸೀಲೆಂಟ್. ಟೆಕ್ಸಸ್ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಓಟಕ್ಕೆ ವಾರ ಮುಂಚೆ ತೆಗೆದು ನೋಡಿ ಮತ್ತೆ 60 ಮಿ.ಲೀ. ಸೇರಿಸಿ.

ಗಾಳಿಯ ಲೆಕ್ಕ: ನೀವು, ಸೈಕಲ್ಲು, ನೀರು, ಚೀಲ ಎಲ್ಲ ಕೂಡಿ 98 ಕೆ.ಜಿ. ಆಸುಪಾಸು. 45ರ ಟ್ಯೂಬ್‌ಲೆಸ್‌ಗೆ ಮುಂದೆ 30, ಹಿಂದೆ 33 ಪಿಎಸ್‌ಐನಿಂದ ಶುರು ಮಾಡಿ. 42ಕ್ಕೆ ಎರಡಕ್ಕೂ 4 ಸೇರಿಸಿ. ಟ್ಯೂಬಿದ್ದರೆ ಅದರ ಮೇಲೆ ಇನ್ನೂ 5–6. ಉರುಟು ಜಲ್ಲಿಯಲ್ಲಿ ಕೂತೇ ವೇಗವಾಗಿ ಓಡಿಸಿದಾಗ ರಿಮ್ಮು ಕಲ್ಲಿಗೆ ತಾಗಿದ ಸದ್ದು ಬಂದರೆ 2 ಹೆಚ್ಚಿಸಿ. ಹ್ಯಾಂಡಲ್ಲು ಕೈಯಲ್ಲಿ ಕುಣಿಯುತ್ತಿದ್ದರೆ 2 ಇಳಿಸಿ. ಗೋಡೆ ಸೀಳುವ ಭಯಕ್ಕೆ ಗಾಳಿ ಬಿಗಿಯಾಗಿ ಹೊಡೆಯುವವರಿದ್ದಾರೆ. ಪರಿಣಾಮ ಉಲ್ಟಾ: ಬಿಗಿ ಟೈರು ಕಲ್ಲಿನ ಮೇಲೆ ಮಣಿಯುವುದಿಲ್ಲ, ಹರಿಯುತ್ತದೆ.

ಮಡ್‌ಗಾರ್ಡ್ ಬಿಚ್ಚಿಯೇ ಹೋಗಿ. ಒಣ ಹಾದಿಯಲ್ಲಿ ಅದು ಕಲ್ಲು ಹಿಡಿದು ಗಲಗಲ ಅನ್ನುತ್ತದೆ, ಹಸಿ ಹಾದಿಯಲ್ಲಿ ಕೆಸರಿನ ಅಚ್ಚಾಗುತ್ತದೆ. ಮುಂದಿನದರೊಳಗೆ ಮರದ ಕಡ್ಡಿ ಸಿಕ್ಕಿ ಮಡಚಿಕೊಂಡರೆ ಸವಾರ ಹ್ಯಾಂಡಲ್ ಮೇಲಿಂದ ಹಾರಿಬೀಳುತ್ತಾನೆ. ಖಾಲಿಯಾದ ತೂತುಗಳಿಗೆ ಗ್ರೀಸು ಹಚ್ಚಿದ 5 ಮಿ.ಮೀ. ಬೋಲ್ಟು ಹಾಕಿಡಿ, ಧೂಳು ತುಂಬದು, ಬೋಲ್ಟು ಬೇಕಾದಾಗಲೂ ಸಿಗುತ್ತದೆ.

ಇಲ್ಲೊಂದು ಅಪಾಯವಿದೆ, ಬಹಳ ಜನ ಗಮನಿಸುವುದಿಲ್ಲ. ಕ್ಯಾಂಟಿಲಿವರ್ ಬ್ರೇಕಿನಲ್ಲಿ ಎರಡು ತೋಳುಗಳನ್ನು ಸೇರಿಸುವ ಅಡ್ಡ ತಂತಿ ಟೈರಿನ ಮೇಲೆಯೇ ತೂಗುತ್ತಿರುತ್ತದೆ. ಮುಂದಿನ ಬ್ರೇಕಿನ ಮುಖ್ಯ ಕೇಬಲ್ಲು ಕಡಿದರೆ ಅಥವಾ ಅದರ ಬೋಲ್ಟು ಜಾರಿದರೆ ಆ ತಂತಿ ಕೆಳಗೆ ಬಿದ್ದು ಟೈರಿನ ಗುಬ್ಬಿಗೆ ಸಿಕ್ಕಿಕೊಳ್ಳುತ್ತದೆ, ಚಕ್ರ ತಟಕ್ಕನೆ ನಿಲ್ಲುತ್ತದೆ. ಇಷ್ಟು ದಿನ ನಿಮ್ಮನ್ನು ಕಾದದ್ದು ಮಡ್‌ಗಾರ್ಡು. ಅದನ್ನು ತೆಗೆದ ಮೇಲೆ ಫೋರ್ಕಿನ ಕ್ರೌನಿಗೆ ತಂತಿಯನ್ನು ತಡೆಯುವ ಸಣ್ಣ ಕೊಕ್ಕೆಯನ್ನೋ ರಿಫ್ಲೆಕ್ಟರಿನ ಪಟ್ಟಿಯನ್ನೋ ಹಾಕಲೇಬೇಕು. ಕೇಬಲ್ಲೂ ಹೊಸದಾಗಿ ಬದಲಿಸಿ.

ಬ್ರೇಕ್ ಪ್ಯಾಡು ಹೊಸದು, ಕೆಂಪು ಮಿಶ್ರಣದ ಕೂಲ್-ಸ್ಟಾಪ್ ಜಾತಿಯದು ಇರಲಿ. ಸುಣ್ಣಕಲ್ಲಿನ ಹಸಿ ರಾಡಿ ಉಜ್ಜುಕಾಗದದಂತೆ ತೇಯ್ದು ಒಂದೇ ದಿನದಲ್ಲಿ ಪ್ಯಾಡನ್ನು ಮುಗಿಸಬಲ್ಲದು. ಕಾರ್ಟ್ರಿಜ್ ಮಾದರಿಯಾದರೆ ಒಂದು ಜೊತೆ ಜೇಬಿನಲ್ಲಿರಲಿ. ಹೊಸ ರಿಮ್ಮು ಹಳೆಯದಕ್ಕಿಂತ ಅಗಲವಾದ್ದರಿಂದ ಪ್ಯಾಡುಗಳನ್ನು ಹೊರಕ್ಕೆ ಸರಿಸಿ, ಎರಡೂ ಬದಿ 2 ಮಿ.ಮೀ. ಸಂದು ಬಿಡಿ. ಗಾಳಿ ತುಂಬಿದ 45ರ ಟೈರು ಪ್ಯಾಡುಗಳ ನಡುವೆ ಹಾಯದು, ಅಡ್ಡ ತಂತಿಯನ್ನು ಒಂದು ಕೈಯಲ್ಲಿ ಕಳಚುವುದು ರೂಢಿಯಾಗಲಿ.

ಗೇರು. ಈಗ ನಿಮ್ಮ ಅತಿ ಹಗುರ ಗೇರು 28/27, ಅಂದರೆ ಮುಂದೆ 28 ಹಲ್ಲು, ಹಿಂದೆ 27. 45ರ ಟೈರಿನ ಸುತ್ತಳತೆ ಸುಮಾರು 2.24 ಮೀಟರು, ಆದ್ದರಿಂದ ಪೆಡಲಿನ ಒಂದು ಸುತ್ತಿಗೆ 2.32 ಮೀಟರ್ ಮುಂದೆ ಹೋಗುತ್ತೀರಿ. ನಿಮಿಷಕ್ಕೆ 60 ಸುತ್ತಿಗೆ ಗಂಟೆಗೆ 8.4 ಕಿ.ಮೀ. ಮೊದಲ ಐವತ್ತು ಮೈಲಿಗೆ ಇದು ಸಾಕು. 150ನೇ ಮೈಲಿಯ ಸಡಿಲ ಜಲ್ಲಿಯ ಏರಿನಲ್ಲಿ ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ, ಕೂತು ತುಳಿಯಲು ಕಾಲಲ್ಲಿ ಬಲವಿರುವುದಿಲ್ಲ, ಇಳಿದು ನಡೆಯುವಂತಾಗುತ್ತದೆ. ನಿಮ್ಮ ಕ್ರ್ಯಾಂಕು (ಪೆಡಲಿನ ತೋಳು) 110/74ರ ಬೋಲ್ಟು ವೃತ್ತದ್ದಾದರೆ (ಚೈನ್‌ರಿಂಗು ಹಿಡಿಯುವ ಬೋಲ್ಟುಗಳ ವೃತ್ತದ ವ್ಯಾಸ, ಮಿ.ಮೀ.ಗಳಲ್ಲಿ), 28 ಹಲ್ಲಿನದಕ್ಕೆ ಅದೇ ಆಗಿರುವ ಸಂಭವ ಹೆಚ್ಚು, ಒಳಗಿನದನ್ನು 24ಕ್ಕೆ, ನಡುವಿನದನ್ನು 34ಕ್ಕೆ, ಹೊರಗಿನದನ್ನು 44ಕ್ಕೆ ಇಳಿಸಬಹುದು. ಹಿಂದೆ 11–32ರ ಕ್ಯಾಸೆಟ್ ಹಾಕಿ. ಹೊಸ ಚಕ್ರಕ್ಕಿಂತ ಎಷ್ಟೋ ಕಡಿಮೆ ಖರ್ಚು, ಫಲ ದೊಡ್ಡದು: 24/32 ಅಂದರೆ ಸುತ್ತಿಗೆ 1.68 ಮೀಟರು, ಗಂಟೆಗೆ 6 ಕಿ.ಮೀ. ವೇಗದಲ್ಲೂ ಕೂತೇ ತುಳಿಯಬಹುದು. ಮೇಲಿನ ತುದಿಯಲ್ಲಿ 44/11ಕ್ಕೆ 90 ಸುತ್ತಿನಲ್ಲಿ 48 ಕಿ.ಮೀ. ಸಿಗುತ್ತದೆ, ಜಲ್ಲಿ ಇಳಿಜಾರಿನಲ್ಲಿ ಅದಕ್ಕಿಂತ ಹೆಚ್ಚಿಗೆ ತುಳಿಯುವ ಅಗತ್ಯವೇ ಬರದು. ನನಗೆ ಇಲ್ಲಿ ಇಷ್ಟವಾಗುವುದು ನಡುವಿನ 34. ಅದರಲ್ಲಿ ಹಿಂದಿನ 18 ಮತ್ತು 16ಕ್ಕೆ ನಿಮಿಷಕ್ಕೆ 80 ಸುತ್ತು ತುಳಿದರೆ 20ರಿಂದ 23 ಕಿ.ಮೀ. ವೇಗ, ಚೈನು ನೇರ, ಸವೆತ ಕಡಿಮೆ. ದಿನದ ಬಹುಪಾಲು ನೀವು ಇರಬೇಕಾದ್ದೂ ಅಲ್ಲೇ.

ಹಿಂದಿನ ಡಿರೇಲರ್ 32 ಹಲ್ಲು ಹಿಡಿಯಬೇಕು, ಒಟ್ಟು (44−24)+(32−11)=41 ಹಲ್ಲಿನ ಸಡಿಲವನ್ನು ಎಳೆದುಕೊಳ್ಳಬೇಕು. ರೋಡ್ ಬೈಕಿನ ಗಿಡ್ಡ ಕೇಜಿಗೆ (ಡಿರೇಲರಿನ ಪುಟ್ಟ ಚಕ್ರಗಳ ತೋಳಿಗೆ) ಇದು ಆಗದು, ಉದ್ದ ಕೇಜಿನ 9 ಸ್ಪೀಡ್ ಮೌಂಟನ್ ಬೈಕ್ ಡಿರೇಲರ್ ಹಾಕಿಸಿ. ಮುಂದಿನ ಡಿರೇಲರನ್ನು ಮರೆಯಬೇಡಿ: ಒಂದು ಹಲ್ಲಿಗೆ ಚೈನ್‌ರಿಂಗಿನ ತ್ರಿಜ್ಯ 2 ಮಿ.ಮೀ. ಬದಲಾಗುತ್ತದೆ, 48ರಿಂದ 44ಕ್ಕೆ ಬಂದರೆ 8 ಮಿ.ಮೀ. ಅದನ್ನು ಅಷ್ಟೇ ಕೆಳಗಿಳಿಸಿ, ಹಲ್ಲಿನ ಮೇಲೆ 2 ಮಿ.ಮೀ. ಸಂದು ಉಳಿಸಿ. ಇಲ್ಲದಿದ್ದರೆ ಚೈನು ಒಳಗೆ ಬಿದ್ದು ಫ್ರೇಮಿಗೆ ಸಿಲುಕುತ್ತದೆ. ಹೊಸ ಚೈನಿನ ಉದ್ದಕ್ಕೆ, ಡಿರೇಲರ್ ಒಳಗೆ ಹಾಯಿಸದೆ ಮುಂದಿನ ಅತಿ ದೊಡ್ಡ ಚೈನ್‌ರಿಂಗು, ಹಿಂದಿನ ಅತಿ ದೊಡ್ಡ ಹಲ್ಲಿನ ಚಕ್ರದ ಮೇಲೆ ಸುತ್ತಿ, ತುದಿಗಳು ಕೂಡುವಲ್ಲಿಂದ ಇನ್ನೊಂದು ಇಂಚು ಬಿಟ್ಟು ಕತ್ತರಿಸಿ.

ಬಾರ್-ಎಂಡ್ ಶಿಫ್ಟರ್ ಬದಲಿಸಬೇಡಿ. ಅದರ ಹಿಂದಿನ ಲೀವರಿನಲ್ಲಿ ಕ್ಲಿಕ್ಕನ್ನು ಆಫ್ ಮಾಡಿ ಫ್ರಿಕ್ಷನ್‌ಗೆ ತಿರುಗಿಸುವ ಸೌಲಭ್ಯ ಇದ್ದರೆ, ಬಿದ್ದು ಡಿರೇಲರ್ ತೂಗುವ ಹ್ಯಾಂಗರ್ ಸೊಟ್ಟಗಾದಾಗಲೂ ಕೈಯಂದಾಜಿನಲ್ಲಿ ಗೇರು ಹುಡುಕಿಕೊಳ್ಳಬಹುದು. ಸ್ಟೀಲ್ ಫ್ರೇಮಿನ ಹ್ಯಾಂಗರ್ ಡ್ರಾಪ್‌ಔಟಿನದೇ ಭಾಗವಾದರೆ ಮೆಲ್ಲಗೆ ಬಗ್ಗಿಸಿ ನೆಟ್ಟಗೂ ಮಾಡಬಹುದು.

ಕೂರುವ ಭಂಗಿ ಈಗ ಹಿತವಾಗಿದ್ದರೆ ಹೆಚ್ಚು ಕೆದಕಬೇಡಿ. ಸೀಟಿನ ಎತ್ತರವನ್ನು 3 ಮಿ.ಮೀ. ಇಳಿಸಿದರೆ ಕುಲುಕಾಟದಲ್ಲಿ ಸೊಂಟಕ್ಕೆ ಒಳ್ಳೆಯದು. ಹ್ಯಾಂಡಲ್ಲು ಸೀಟಿನ ಸಮಕ್ಕೆ ಅಥವಾ 2 ಸೆಂ.ಮೀ. ಮೇಲೆ, ಹ್ಯಾಂಡಲ್ಲಿನ ಕುತ್ತಿಗೆ ಫೋರ್ಕಿನ ಕೊಳವೆಯೊಳಗೆ ಇಳಿಯುವ ಕ್ವಿಲ್ ಸ್ಟೆಮ್ಮಾದರೆ ಅದರ ಮೇಲಿನ ಕನಿಷ್ಠ ಆಳದ ಗೆರೆ ಹೊರಗೆ ಕಾಣಬಾರದು. ಹ್ಯಾಂಡಲ್ಲಿಗೆ ಟೇಪು ಎರಡು ಸುತ್ತು. ಚರ್ಮದ ಸೀಟಿಗೆ ಮಳೆಯ ಮುಸುಕು ಕೆಳಗೇ ಕಟ್ಟಿಡಿ, ನೆನೆದ ಚರ್ಮದ ಮೇಲೆ ಗಂಟೆಗಟ್ಟಲೆ ಕೂತರೆ ಅದು ಜೋತುಬೀಳುತ್ತದೆ.

ನೀರು ಗಂಟೆಗೆ ಮುಕ್ಕಾಲು ಲೀಟರು, ಬಿಸಿಲೇರಿದಾಗ ಒಂದು. ಸಹಾಯ ತಾಣಗಳ ನಡುವೆ ಐದಾರು ಗಂಟೆ ಹಿಡಿಯಬಹುದಾದ್ದರಿಂದ 3.5ರಿಂದ 4 ಲೀಟರ್ ಹೊರುವ ಏರ್ಪಾಡಿರಲಿ: ಫ್ರೇಮಿನೊಳಗೆ ಎರಡು ದೊಡ್ಡ ಬಾಟಲಿ, ಬೆನ್ನಿಗೆ ಎರಡು ಲೀಟರಿನ ಚೀಲ. ಡೌನ್‌ಟ್ಯೂಬಿನ (ಫ್ರೇಮಿನ ಓರೆ ಕೊಳವೆಯ) ಕೆಳಗಿನ ಬಾಟಲಿಗೆ ಸಗಣಿ, ಕೆಸರು ನೇರ ಎರಚುತ್ತದೆ. ಮುಚ್ಚಳಕ್ಕೆ ಮುಸುಕಿಲ್ಲದೆ ಅದರಲ್ಲಿ ಕುಡಿಯಬೇಡಿ. ದನ ದಾಟದಂತೆ ರಸ್ತೆಗೆ ಅಡ್ಡಲಾಗಿ ಹಾಕಿದ ಕಬ್ಬಿಣದ ಕಂಬಿಗಳ ಮೇಲೆ ಬಾಟಲಿಗಳು ಹಾರಿಹೋಗುತ್ತವೆ. ಬಾಟಲಿಯ ಕೇಜನ್ನು ಒಳಕ್ಕೆ ಸ್ವಲ್ಪ ಬಗ್ಗಿಸಿ, ರಬ್ಬರ್ ಪಟ್ಟಿ ಕಟ್ಟಿ. ಆ ಕಂಬಿಗಳನ್ನು ನೇರವಾಗಿಯೇ ದಾಟಿ, ಓರೆಯಾಗಿ ಬೇಡ.

ಹ್ಯಾಂಡಲ್ ಚೀಲದಲ್ಲಿ 2 ಕೆ.ಜಿ. ಮೀರದಿರಲಿ, ಮೀರಿದರೆ ನಿಧಾನದ ಏರಿನಲ್ಲಿ ಮುಂಚಕ್ರ ಅತ್ತಿತ್ತ ಅಲೆಯುತ್ತದೆ. ತಿನಿಸು ಅಲ್ಲಿರಲಿ, ಶೇಂಗಾ ಚಿಕ್ಕಿ ಚಾಕೊಲೇಟಿನಂತೆ ಕರಗಿ ಹರಿಯುವುದಿಲ್ಲ. ಭಾರದ ಸಾಮಾನು ಫ್ರೇಮಿನ ಚೀಲಕ್ಕೆ: ಎರಡು ಟ್ಯೂಬು, ಪಂಪು, ಟೈರ್ ಪ್ಲಗ್ಗುಗಳು, ಹಳೆಯ ಟೈರಿನಿಂದ ಕತ್ತರಿಸಿದ 4 x 7 ಸೆಂ.ಮೀ. ತುಂಡು ಎರಡು, ದಪ್ಪ ಸೂಜಿ-ನೂಲು, ಚೈನ್ ಕತ್ತರಿಸುವ ಹತ್ಯಾರು, 9 ಸ್ಪೀಡಿನ ಕ್ವಿಕ್ ಲಿಂಕ್ ಎರಡು, ಗೇರ್ ಕೇಬಲ್, ಬ್ರೇಕ್ ಕೇಬಲ್, ಜಿಪ್ ಟೈ, ಚೈನಿನ ಎಣ್ಣೆ 15 ಮಿ.ಲೀ. ಇವುಗಳ ಜೊತೆಗೆ ಬಣ್ಣ ಕಲಕುವ ಮರದ ಕಡ್ಡಿ. ಕೆಸರು ಕೆರೆಯಲು ಅದಕ್ಕಿಂತ ಒಳ್ಳೆಯದಿಲ್ಲ, ಅಲ್ಲಿನ ಅನುಭವಸ್ಥರು ಅದನ್ನು ಬಿಟ್ಟು ಹೊರಡುವುದಿಲ್ಲ.

ಗೋಡೆ ಸೀಳಿದಾಗ ಗಾಬರಿಯಲ್ಲಿ ಗಾಳಿ ಹೊಡೆಯುತ್ತ ನಿಲ್ಲಬೇಡಿ. 5–6 ಮಿ.ಮೀ.ವರೆಗಿನ ಸೀಳಿಗೆ ಪ್ಲಗ್ಗು ಹಾಕಿ, ಸೀಳು ಕೆಳಗೆ ಬರುವಂತೆ ತಿರುಗಿಸಿ ಅರ್ಧ ನಿಮಿಷ ಬಿಟ್ಟರೆ ಸೀಲೆಂಟ್ ಹಿಡಿಯಬಹುದು. ಅದಕ್ಕಿಂತ ದೊಡ್ಡದಾದರೆ ವಾಲ್ವ್ ಬಿಚ್ಚಿ, ಟೈರಿನ ತುಂಡನ್ನು ಒಳಗಿಟ್ಟು ಟ್ಯೂಬು ಹಾಕಿ. ಟ್ಯೂಬು ಹಾಕುವ ಮುಂಚೆ ಟೈರಿನ ಒಳಗನ್ನು ಬಟ್ಟೆಯಿಂದ ಸುತ್ತಲೂ ಸವರಿ: ಸೀಲೆಂಟ್ ಮುಚ್ಚಿಟ್ಟಿದ್ದ ಕಲ್ಲಿನ ಚೂರು, ಮುಳ್ಳು ಅಲ್ಲೇ ಕೂತಿರುತ್ತವೆ, ಹೊಸ ಟ್ಯೂಬು ಹತ್ತೇ ನಿಮಿಷದಲ್ಲಿ ಹೋಗುತ್ತದೆ.

ಕೆಸರು ಕಂಡೊಡನೆ ಇಳಿಯಿರಿ. ಚಕ್ರ ಉರುಳಿಸದೆ ಹೆಗಲಿಗೇರಿಸಿ, ಬದಿಯ ಹುಲ್ಲಿನ ಮೇಲೆ ನಡೆಯಿರಿ. ಡಿರೇಲರಿಗೆ ಮಣ್ಣು ಸುತ್ತಿದ ಮೇಲೆ ಒಂದೇ ಒಂದು ಬಾರಿ ಬಲವಾಗಿ ತುಳಿದರೂ ಅದು ಕಡ್ಡಿಗಳೊಳಗೆ ಹೋಗುತ್ತದೆ. ದಾಟಿದ ಮೇಲೆ ಬ್ರೇಕಿನ ತೋಳು, ಡಿರೇಲರಿನ ಪುಟ್ಟ ಚಕ್ರ, ಫೋರ್ಕಿನ ಕ್ರೌನು ಕೆರೆದು, ಹಳ್ಳದ ನೀರು ಸಿಕ್ಕರೆ ಚೈನು ತೊಳೆದು ಎಣ್ಣೆ ಬಿಡಿ.

ಬೆಳಕು: ಬೆಳಗ್ಗೆ 6ರ ಸುಮಾರಿಗೆ ಹೊರಟರೆ ಸೂರ್ಯಾಸ್ತಕ್ಕೆ, ಅಂದರೆ ಸುಮಾರು 8:50ಕ್ಕೆ, ಹದಿನೈದು ಗಂಟೆಗೆ ಹತ್ತು ನಿಮಿಷ ಕಡಿಮೆ. ಕತ್ತಲಾಗುವುದರೊಳಗೆ ಮುಗಿಸಲು ನಿಲುಗಡೆ ಸೇರಿ ಗಂಟೆಗೆ ಸುಮಾರು 22 ಕಿ.ಮೀ. ಸರಾಸರಿ ಬೇಕು. ಮೊದಲ ಸಲದವರು ರಾತ್ರಿ ಓಡಿಸುವುದೆಂದೇ ಲೆಕ್ಕ ಹಾಕಿಕೊಳ್ಳಿ. ಹೊಸ ಚಕ್ರ ಕಟ್ಟಿಸುವಾಗಲೇ ಮುಂದಿನದಕ್ಕೆ 6 ವೋಲ್ಟ್ 3 ವ್ಯಾಟಿನ ಡೈನಮೋ ಹಬ್ ಹಾಕಿಸಿದರೆ ದೀಪದ ಚಾರ್ಜಿನ ಚಿಂತೆಯಿಲ್ಲ. ಹಾದಿ ತೋರುವ ಜಿಪಿಎಸ್‌ಗೆ ಬೇರೆ ಪವರ್ ಬ್ಯಾಂಕ್ ಇರಲಿ.

ಇವೆಲ್ಲ ಓಟಕ್ಕೆ ಎಂಟು ವಾರ ಮುಂಚೆ ಮುಗಿಯಬೇಕು. ಆಮೇಲೆ ಪೂರ್ತಿ ಸಾಮಾನು ಹೇರಿಕೊಂಡೇ 100, 160, 200 ಕಿ.ಮೀ.ನ ಮೂರು ಜಲ್ಲಿ ಸವಾರಿ ಮಾಡಿ, ಒಂದನ್ನಾದರೂ ಕತ್ತಲಲ್ಲಿ ಮುಗಿಸಿ. ಮೊದಲ 100ರ ನಂತರ ಕ್ರ್ಯಾಂಕು, ಕೇಜು, ಬ್ರೇಕು, ಸ್ಟೆಮ್ಮಿನ ಪ್ರತಿ ಬೋಲ್ಟನ್ನೂ ಮತ್ತೆ ಬಿಗಿದು, ಹೊಸ ಚಕ್ರದ ಕಡ್ಡಿಗಳ ಬಿಗಿತ ನೋಡಿಸಿ. ಕೊನೆಯ ಎರಡು ವಾರ ಸೈಕಲ್ಲಿಗೆ ಹೊಸ ಭಾಗ ಯಾವುದನ್ನೂ ಹಾಕಬೇಡಿ, ಬ್ರೇಕ್ ಪ್ಯಾಡು ಮತ್ತು ಸೀಲೆಂಟ್ ಹೊರತು.